ಭೂತಗನ್ನಡಿ ಮತ್ತು ತೇಲುನಾಡಿನ ಪ್ರಧಾನಿ

ಕನ್ನಡಕದ ಅಂಗಡಿಗೆ ಬರುವವರೆಲ್ಲ ಅವಳನ್ನು ಪವರಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಅಕ್ಷರಗಳನ್ನು ಓದಿಸಿ, ಎಷ್ಟು ಪವರಿನ ಗಾಜು ಬೇಕೆಂದು ಹೇಳುವುದು ಅವಳ ಕೆಲಸ. ಎಂಥ ಗತ್ತಿನ ಮನುಷ್ಯರೂ ಆ ಕುರ್ಚಿಯಲ್ಲಿ ಕೂತೊಡನೆ ಶಾಲೆಯ ಮಕ್ಕಳಾಗಿಬಿಡುತ್ತಿದ್ದರು. ಕಾಣದ ಅಕ್ಷರವನ್ನು ಕಂಡಂತೆ ನಟಿಸುವುದು, ಬೆರಳ ಸಂದಿಯಿಂದ ಇಣುಕುವುದು, ಹಿಂದೆ ನಿಂತ ಹೆಂಡತಿಯಿಂದ ಪಿಸುಮಾತಿನಲ್ಲಿ ಉತ್ತರ ಪಡೆಯುವುದು, ಎಲ್ಲ ನಡೆಯುತ್ತಿತ್ತು. ಪವರಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತು, "ಊಹೆ ಬೇಡ ಸ್ವಾಮಿ, ಕಂಡಿದ್ದು ಹೇಳಿ" ಎನ್ನುತ್ತಿದ್ದಳು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಸ್ಟೂಲಿನ ಮೇಲೆ ಕೂತು, ಫೋನು ತೆರೆದು, ಬೇರೆ ದೇಶಕ್ಕೆ ಹೋಗಿಬಿಡುತ್ತಿದ್ದಳು. ಆ ದೇಶದ ಹೆಸರು ತೇಲುನಾಡು. ಭೂಪಟ ತಿರುವಿ ಹಾಕಿದರೂ ಸಿಗುವುದಿಲ್ಲ. ಎಲ್ಲೆಲ್ಲೋ ಇರುವ ಕೆಲವು ನೂರು ಜನ ಸೇರಿ ಅಂತರಜಾಲದಲ್ಲೊಂದು ತಾಣ ಮಾಡಿಕೊಂಡು, ಸಮುದ್ರದ ಮೇಲೆ ತೇಲುವ ದ್ವೀಪವೊಂದಿದೆ ಎಂದು ಒಪ್ಪಿಕೊಂಡು, ಅದಕ್ಕೊಂದು ಸಂವಿಧಾನ ಬರೆದು, ಮಂತ್ರಿ, ನ್ಯಾಯಮೂರ್ತಿ, ಪೊಲೀಸ್, ಕಳ್ಳ, ಪ್ರಜೆ ಎಂದು ಪಾತ್ರ ಹಂಚಿಕೊಂಡು ಆಡುವ ಆಟ ಅದು. ಆಟ ಎಂದರೆ ಅಲ್ಲಿಯವರಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಅಲ್ಲಿ ಸದನ ನಡೆಯುತ್ತಿತ್ತು, ಮಸೂದೆ ಮಂಡನೆಯಾಗುತ್ತಿತ್ತು, ಪಕ್ಷಾಂತರ ಮಾಡಿದವರು ಅತ್ತು ಭಾಷಣ ಮಾಡುತ್ತಿದ್ದರು.

ಪವರಕ್ಕ ಮೊದಮೊದಲು ಚುನಾವಣೆಗೇ ನಿಂತಿದ್ದಳು. ಅವಳಿಗೆ ಬಂದದ್ದು ಒಂದೇ ಮತ. ಅದೂ ಅವಳದಲ್ಲ, ಏಕೆಂದರೆ ಮತದಾನ ಮುಗಿಯುವ ಹೊತ್ತಿಗೆ ಅವಳು ಯಾರದೋ ಕನ್ನಡಕದಿಂದ ಬಿದ್ದ ಎಳ್ಳುಕಾಳಿನಷ್ಟು ಸ್ಕ್ರೂ ಹುಡುಕುತ್ತ ಅಂಗಡಿಯ ನೆಲದ ಮೇಲೆ ಮಂಡಿಯೂರಿದ್ದಳು. ತನಗೆ ಮತ ಹಾಕಿದ ಆ ಪುಣ್ಯಾತ್ಮ ಯಾರೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಸೋತ ಮಾರನೆಯ ದಿನ, ಗೆದ್ದವರ ಭಾಷಣ ಓದುತ್ತಿದ್ದಾಗ ಅವಳ ತಲೆಗೆ ಹೊಳೆಯಿತು. ಇಷ್ಟೊಂದು ಜನ ಇಷ್ಟೊಂದು ಸುಳ್ಳು ಹೇಳುತ್ತಿದ್ದಾರೆ, ಕೇಳುವವರೇ ಇಲ್ಲವಲ್ಲ!

ಹಾಗೆ ಹುಟ್ಟಿದ ರಾಜಕೀಯ ವಾರಪತ್ರಿಕೆ 'ದುರ್ಬೀನು'. ಶನಿವಾರ ಬೆಳಗ್ಗೆ ತಾಣದಲ್ಲಿ ಪ್ರಕಟವಾಗುತ್ತಿತ್ತು. ಸಂಪಾದಕಿ, ವರದಿಗಾರ್ತಿ, ವ್ಯಂಗ್ಯಚಿತ್ರಗಾರ್ತಿ ಎಲ್ಲ ಪವರಕ್ಕನೇ. ಆದರೆ ಆ ಹೆಸರು ಯಾರಿಗೂ ತಿಳಿಯದು. ತೇಲುನಾಡಿನಲ್ಲಿ ಅವಳು 'ಭೂತಗನ್ನಡಿ'. ಮೊದಲ ಸಂಚಿಕೆಯಲ್ಲಿ 'ನೌಕಾಪಡೆಗೆ ಹಡಗಿಲ್ಲ, ನೌಕಾಧಿಪತಿಗೆ ಈಜು ಬಾರದು' ಎಂದು ತಲೆಬರಹ ಕೊಟ್ಟಳು. ನೌಕಾಧಿಪತಿ ಕೆಂಡಾಮಂಡಲವಾಗಿ ಸ್ಪಷ್ಟೀಕರಣ ಕಳಿಸಿದರು: ಈಜು ಬರುತ್ತದೆ, ಆಳವಿಲ್ಲದ ಕಡೆ. ಅದನ್ನೂ ಅವಳು ಹಾಕಿದಳು. ಎರಡನೆಯ ಸಂಚಿಕೆಯ ಹೊತ್ತಿಗೆ ಮಂತ್ರಿಗಳು ಶುಕ್ರವಾರದಿಂದಲೇ ಜೀವ ಕೈಯಲ್ಲಿ ಹಿಡಿದುಕೊಂಡು ಕೂರತೊಡಗಿದರು.

ಶನಿವಾರ ಬೆಳಗ್ಗೆ ಅಂಗಡಿಗೆ ನಡೆದು ಹೋಗುವಾಗ ಪವರಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಫೋನು ನೋಡಿ ಮುಸಿಮುಸಿ ನಕ್ಕರೆ, ಇವರೂ ತೇಲುನಾಡಿನವರೋ ಏನೋ ಎಂದು ಇವಳಿಗೆ ಒಳಗೊಳಗೇ ಕಚಗುಳಿ.

ಮನೆಯಲ್ಲಿ ಈ ಗುಟ್ಟು ತಿಳಿದಿದ್ದದ್ದು ಗಂಡನಿಗೆ ಮಾತ್ರ. ಆತ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲ ಬಾವಿಯಂಥ ಜಾಗದಲ್ಲಿ ನೇತಾಡಿ ಮನೆಗೆ ಬಂದರೆ ಅವನಿಗೆ ಬೇಕಾಗಿದ್ದದ್ದು ಬಿಸಿನೀರು, ಊಟ, ಮೌನ. "ನಿಮ್ಮ ದೇಶದ ಜಗಳಕ್ಕೆ ನನ್ನ ಎಳೀಬೇಡ ಮಾರಾಯ್ತಿ" ಎಂದು ಮೊದಲೇ ಹೇಳಿಬಿಟ್ಟಿದ್ದ.

ಅಷ್ಟರಲ್ಲಿ ಅತ್ತೆ ಬಲ್ಬು ಬದಲಾಯಿಸಲು ಹೋಗಿ ಕುರ್ಚಿಯಿಂದ ಬಿದ್ದರು. ಕಾಲಿಗೆ ಪ್ಲಾಸ್ಟರ್ ಬಿತ್ತು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಯಾರಿಗೆ ಯಾರನ್ನು ಯಾವಾಗ ಜೋಡಿಸಬೇಕು ಎನ್ನುವುದನ್ನೇ ಜೀವಮಾನವಿಡೀ ಮಾಡಿದವರನ್ನು ಸೋಫಾದ ಮೇಲೆ ಕಾಲು ಚಾಚಿಸಿ ಕೂರಿಸಿದರೆ ಏನಾಗಬೇಕು? ಮೊದಲು ಫ್ಯಾನಿನ ಸದ್ದಿನ ಮೇಲೆ ದೂರು ಹೇಳಿದರು. ಆಮೇಲೆ ಎದುರು ಮನೆಯ ಪರದೆಯ ಬಣ್ಣದ ಮೇಲೆ. ಆಮೇಲೆ ಮಗ ಉಸಿರಾಡುವ ರೀತಿಯ ಮೇಲೆ.

"ಅಮ್ಮನಿಗೆ ಏನಾದ್ರೂ ಕೆಲಸ ಹಚ್ಚು, ನಿನಗೆ ಕೈ ಮುಗೀತೀನಿ" ಎಂದ ಗಂಡ.

ಪವರಕ್ಕ ಅತ್ತೆಯ ಫೋನಿನಲ್ಲಿ ತೇಲುನಾಡಿನ ತಾಣ ತೆರೆದುಕೊಟ್ಟಳು. "ಇದೊಂದು ಆಟ ಅತ್ತೆ. ಹೊತ್ತು ಹೋಗುತ್ತೆ. ಒಂದು ಹೆಸರು ಇಟ್ಕೊಳ್ಳಿ."

"ಸಿಡಿಲಮ್ಮ ಅಂತ ಹಾಕು" ಎಂದರು ಅತ್ತೆ, ಒಂದು ಕ್ಷಣವೂ ಯೋಚಿಸದೆ, ಎಷ್ಟೋ ವರ್ಷಗಳಿಂದ ಆ ಹೆಸರು ಬಾಯಲ್ಲೇ ಇಟ್ಟುಕೊಂಡಿದ್ದವರಂತೆ.

ತಾನೂ ಅಲ್ಲಿದ್ದೇನೆ ಎಂದು ಪವರಕ್ಕ ಹೇಳಲಿಲ್ಲ. ಸಂಪಾದಕಿಯ ಗುಟ್ಟು ಗುಟ್ಟಾಗಿಯೇ ಇರಲಿ ಎಂದಷ್ಟೇ ಅವಳ ಲೆಕ್ಕ. ಅತ್ತೆ ಎರಡು ದಿನ ಆಡಿ ಬೇಜಾರಾಗಿ ಬಿಡುತ್ತಾರೆ ಎಂದುಕೊಂಡಿದ್ದಳು.

ಅತ್ತೆ ಬಿಡಲಿಲ್ಲ. ಆಗ ತೇಲುನಾಡಿನಲ್ಲಿ ಸೇತುವೆಯ ಗಲಾಟೆ ಜೋರಾಗಿತ್ತು. ದಡ ಪಕ್ಷದವರು ದೇಶಕ್ಕೊಂದು ಸೇತುವೆ ಬೇಕೇ ಬೇಕು ಎನ್ನುತ್ತಿದ್ದರು. ಅಲೆ ಪಕ್ಷದವರು, ದೇಶವೇ ತೇಲುತ್ತಿರುವಾಗ ಸೇತುವೆಯ ಇನ್ನೊಂದು ತುದಿಯನ್ನು ಎಲ್ಲಿಗೆ ಕಟ್ಟುತ್ತೀರಿ ಎಂದು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅತ್ತೆ ದಡ ಪಕ್ಷ ಸೇರಿದ ವಾರದಲ್ಲೇ ಸದನದಲ್ಲಿ ಎದ್ದು, "ಮೊದಲು ಈ ತುದಿ ಕಟ್ಟೋಣ, ಆ ತುದಿ ಎದುರಿಗೆ ಬಂದಾಗ ನೋಡಿಕೊಳ್ಳೋಣ" ಎಂದುಬಿಟ್ಟರು. ತೇಲುನಾಡು ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಎಕ್ಸ್‌ಚೇಂಜಿನಲ್ಲಿ ಕಲಿತದ್ದೂ ಕೈಹಿಡಿಯಿತು. ಯಾರ ಮಗಳಿಗೆ ಜ್ವರ, ಯಾರು ಮನೆ ಬದಲಾಯಿಸುತ್ತಿದ್ದಾರೆ, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲವನ್ನೂ ಒಬ್ಬೊಬ್ಬರಿಗೂ ಫೋನು ಹಚ್ಚಿ ವಿಚಾರಿಸಿಕೊಂಡರು. ಪ್ಲಾಸ್ಟರ್ ಬಿಚ್ಚುವ ಮೊದಲೇ ಅತ್ತೆ ತೇಲುನಾಡಿನ ಪ್ರಧಾನಿಯಾಗಿದ್ದರು.

ಪ್ರಮಾಣವಚನದ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಸಿಕೊಂಡು, ಸೋಫಾದ ಮೇಲೆ ನೆಟ್ಟಗೆ ಕೂತರು.

"ಅಮ್ಮ, ಅದರಲ್ಲಿ ಮುಖ ಕಾಣಲ್ಲ, ಬರೀ ದನಿ ಕೇಳುತ್ತೆ" ಎಂದ ಮಗ.

"ದನಿಗೂ ಸೀರೆ ಬೇಕಾಗುತ್ತೆ ಕಣೋ" ಎಂದರು ಪ್ರಧಾನಿ.

ಪವರಕ್ಕನಿಗೆ ಈಗ ಶುರುವಾಯಿತು ಪೇಚು. ಪ್ರಧಾನಿಯೆಂದ ಮೇಲೆ 'ದುರ್ಬೀನು' ಬಿಡುವ ಹಾಗಿಲ್ಲ. ಬಿಟ್ಟರೆ ಪತ್ರಿಕೆಯ ಮರ್ಯಾದೆ ಏನಾಗಬೇಕು? 'ಸೇತುವೆಯ ಈ ತುದಿ ಎಲ್ಲಿ? ಪ್ರಧಾನಿಗೇ ತಿಳಿಯದು' ಎಂದು ಒಂದು ವಾರ ಬರೆದಳು. 'ಮಾತಿನ ಸೇತುವೆಗೆ ಕಬ್ಬಿಣ ಬೇಡ' ಎಂದು ಮುಂದಿನ ವಾರ. ಊಟದ ಮೇಜಿನಲ್ಲಿ ಅತ್ತೆ ಹಲ್ಲು ಕಡಿದರು.

"ಯಾರೇ ಇವಳು ಭೂತಗನ್ನಡಿ? ಮಾಡೋಕೆ ಬೇರೆ ಕೆಲಸ ಇಲ್ವಾ? ಇಂಥವಳನ್ನ ಮನೇಲಿ ಹೇಗೆ ಸಹಿಸ್ಕೊತಾರೋ! ಇವಳ ಅತ್ತೆ ಯಾರೋ, ಪಾಪ."

ಗಂಡನಿಗೆ ನೆತ್ತಿಗೆ ಹತ್ತಿತು. ಕೆಮ್ಮುತ್ತ ಕೆಮ್ಮುತ್ತ ಎದ್ದು ಅಡುಗೆಮನೆಗೆ ಓಡಿದ. ಪವರಕ್ಕ ತಲೆ ತಗ್ಗಿಸಿಕೊಂಡೇ, "ಇನ್ನೊಂಚೂರು ಬಡಿಸ್ಲಾ ಅತ್ತೆ?" ಎಂದಳು.

"ಬಡಿಸು. ನೀನು ಎಷ್ಟು ತಣ್ಣಗಿದೀಯ ನೋಡು. ಅವಳೂ ನಿನ್ನ ಹಾಗಿದ್ದಿದ್ರೆ ದೇಶ ಉದ್ಧಾರ ಆಗ್ತಿತ್ತು."

ಹೀಗಿರುವಾಗ ಒಂದು ಭಾನುವಾರ ಪವರಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅತ್ತೆ ಅಲ್ಲೇ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರ್ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು, ಫೋನಿನಲ್ಲಿ ಮಾತಾಡುತ್ತಿದ್ದರು. ಆ ಕಡೆ ಇದ್ದವರು ಅಲೆ ಪಕ್ಷದ ನಾಯಕ. ತೇಲುನಾಡಿನಲ್ಲಿ ಅವರ ಹೆಸರು ಗುಡುಗು. ನಿಜದಲ್ಲಿ ಕಾರು ಓಡಿಸಲು ಕಲಿಸುವ ಮೇಷ್ಟ್ರು.

"ನೋಡಿ ಗುಡುಗಪ್ಪ, ಸೇತುವೆ ನಾನು ಬಿಟ್ಟುಬಿಡ್ತೀನಿ. ಸದ್ದಿಲ್ದೆ ಬಿಡ್ತೀನಿ. ಬಜೆಟ್ ದಿನ ನೀವೆಲ್ಲ ಎದ್ದು ಹೊರಗೆ ಹೋಗಿ, ಅಷ್ಟೇ ಸಾಕು. ನನ್ನ ಸರ್ಕಾರ ಉಳಿಯುತ್ತೆ, ನಿಮ್ಮ ಮಾತೂ ಉಳಿಯುತ್ತೆ... ಹ್ಞಾಂ, ಹ್ಞಾಂ. ಯಾರಿಗೂ ಹೇಳಲ್ಲ."

ಪವರಕ್ಕನ ಕೈಯಲ್ಲಿ ಚಾಕು ನಿಂತುಹೋಯಿತು. ಅತ್ತೆ ಫೋನಿಟ್ಟು, ಮುಖವರಳಿಸಿಕೊಂಡು ಕೇಳಿದರು, "ಹೇಗಿದೆ ನನ್ನ ಉಪಾಯ?"

"ಚೆನ್ನಾಗಿದೆ ಅತ್ತೆ" ಎಂದಳು ಪವರಕ್ಕ. ಕಣ್ಣಲ್ಲಿ ನೀರು ಧಾರಾಕಾರ. ಪುಣ್ಯಕ್ಕೆ ಎದುರಿಗೆ ಈರುಳ್ಳಿ ಇತ್ತು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತೇಲುನಾಡು ಹುಟ್ಟಿದಾಗಿನಿಂದ ಇಷ್ಟು ದೊಡ್ಡ ಸುದ್ದಿ ಯಾರ ಕೈಗೂ ಸಿಕ್ಕಿರಲಿಲ್ಲ. ಆದರೆ ಅದು ಸಿಕ್ಕದ್ದು ಎಲ್ಲಿ? ಅಡುಗೆಮನೆಯಲ್ಲಿ, ನಂಬಿ ಹೇಳಿದ ಬಾಯಿಂದ. ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿ ಕೊಟ್ಟಳು. ಗಿರಾಕಿ ಬಾಗಿಲವರೆಗೆ ಹೋಗಿ, ಮೆಟ್ಟಿಲನ್ನು ಗೋಡೆಯೆಂದು ತಿಳಿದು ವಾಪಸ್ಸು ಬಂದ.

ಕೊನೆಗೆ ಅವಳು ತನಗೆ ತಾನೇ ಒಂದು ನ್ಯಾಯ ಮಾಡಿಕೊಂಡಳು. ಕೇಳಿದ್ದನ್ನು ಬರೆಯುವುದಿಲ್ಲ. ಆದರೆ ಪತ್ರಿಕಾಗೋಷ್ಠಿಯಲ್ಲಿ ಎಲ್ಲರೆದುರು ಪ್ರಶ್ನೆ ಕೇಳುತ್ತೇನೆ. ಅತ್ತೆ ಏನು ಹೇಳುತ್ತಾರೋ ಅದನ್ನೇ ಹಾಕುತ್ತೇನೆ. ಈ ನ್ಯಾಯದಲ್ಲಿ ತೂತಿದೆ ಎಂದು ಅವಳಿಗೂ ಗೊತ್ತಿತ್ತು. ತೂತಿನ ಮೇಲೆ ಕಾಲಿಟ್ಟುಕೊಂಡು ನಿಂತಳು.

ಬುಧವಾರ ಸಂಜೆ ಪ್ರಧಾನಿಯ ಪತ್ರಿಕಾಗೋಷ್ಠಿ. ಎಲ್ಲರೂ ಒಂದೇ ಹೊತ್ತಿಗೆ ತಾಣಕ್ಕೆ ಬಂದು ದನಿಯಲ್ಲೇ ಮಾತಾಡುವ ವ್ಯವಸ್ಥೆ. ಅತ್ತೆ ನಡುಮನೆಯಲ್ಲಿ, ಸೋಫಾದ ಮೇಲೆ, ಸೀರೆಯಲ್ಲಿ. ಪವರಕ್ಕ ತಲೆನೋವೆಂದು ಹೇಳಿ ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ದನಿ ಗುರುತು ಸಿಗಬಾರದೆಂದು ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಮೂಗಿಗೆ ಕಚ್ಚಿಸಿಕೊಂಡಳು. ಕಣ್ಣಿಗೆ ನಕ್ಷತ್ರಗಳು ಕಂಡವು. ಆದರೆ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ನಗು ಒತ್ತರಿಸಿ ಬಂತು. ದಿಂಬಿಗೆ ಬಾಯಿ ಒತ್ತಿ ಹಿಡಿದು ನಕ್ಕು ಮುಗಿಸಿ, ಮಂಚದ ಅಂಚಿನಲ್ಲಿ ಕೂತು ಮೈಕು ಒತ್ತಿದಳು.

"ಬಾನ್ಯ ಪ್ರಧಾದಿಗಳೇ," ಎಂದಿತು ಕ್ಲಿಪ್ಪು ಹಾಕಿದ ಮೂಗು, "ದಾದು ದುರ್ಬೀದು ಪತ್ರಿಕೆಯ ಭೂತಗದ್ದಡಿ. ಸೇತುವೆ ಕೈಬಿಡಲು ಅಲೆ ಪಕ್ಷದ ಜೊತೆ ಒಪ್ಪಂದ ಆಗಿದೆಯೇ?"

ನಡುಮನೆಯಲ್ಲಿ ಅತ್ತೆಯ ಕಿವಿ ಕೆಂಪಾಯಿತು. ಆದರೆ ದನಿಯಲ್ಲಿ ಬೆಣ್ಣೆ.

"ನೋಡಿ ಭೂತಗನ್ನಡಿಯವರೇ, ಮೊದಲು ನಿಮ್ಮ ನೆಗಡಿಗೆ ಔಷಧಿ ತಗೊಳ್ಳಿ. ಒಪ್ಪಂದ, ಗಿಪ್ಪಂದ, ಎಲ್ಲ ನಿಮ್ಮ ಕಲ್ಪನೆ."

"ಕಲ್ಪದೆ ಬೇಡ, ಹೌದೋ ಅಲ್ಲವೋ ಹೇಳಿ."

ಅದೇ ಹೊತ್ತಿಗೆ ಗಂಡ ಕೆಲಸದಿಂದ ಬಂದ. ಆ ದಿನ ಅವನು ಬಹಳ ಹಳೆಯದೊಂದು ಲಿಫ್ಟಿನ ತಳಕ್ಕೆ ಇಳಿದಿದ್ದ. ಅಲ್ಲಿದ್ದ ಧೂಳೆಲ್ಲ ಅವನ ಮೂಗಿನಲ್ಲಿತ್ತು. ಸೀನೆಂದರೆ ಅವನದೇ ಸೀನು. ಮೊದಲು ಮೂರು ಸಲ ಆಂ, ಆಂ, ಆಂ ಎಂದು ಮೇಲೇರಿ, ಒಂದು ಕ್ಷಣ ತುದಿಯಲ್ಲಿ ನಿಂತು, ಆಮೇಲೆ ಕಟ್ಟಡವೇ ಅದುರುವಂತೆ ಬೀಳುತ್ತಿತ್ತು. ಕೆಳಮಹಡಿಯವರು ಅದನ್ನು ಕೇಳಿ ಇವನು ಮನೆಗೆ ಬಂದನೆಂದು ತಿಳಿಯುತ್ತಿದ್ದರು. ಅವನು ನಡುಮನೆಗೂ ಮಲಗುವ ಕೋಣೆಗೂ ನಡುವಿನ ಓಣಿಯಲ್ಲಿ ನಿಂತು, ಗೋಡೆಗೆ ಕೈಯಾನಿಸಿ, ಸೀನಿದ.

ತೇಲುನಾಡಿನ ಪ್ರಜೆಗಳೆಲ್ಲ ಅದನ್ನು ಎರಡು ಸಲ ಕೇಳಿದರು. ಪ್ರಧಾನಿಯ ಮೈಕಿನಿಂದ ಒಮ್ಮೆ, ಭೂತಗನ್ನಡಿಯ ಮೈಕಿನಿಂದ ಇನ್ನೊಮ್ಮೆ.

ಆಮೇಲೆ ಗುಡುಗಪ್ಪನವರ ದನಿ ಮೆಲ್ಲಗೆ ಕೇಳಿತು. "ಒಂದೇ ಸೀನು ಎರಡೂ ಕಡೆ ಹೇಗೆ ಬಂತು?"

ಅತ್ತೆ ಮಲಗುವ ಕೋಣೆಯ ಬಾಗಿಲಿನ ಕಡೆ ತಿರುಗಿದರು. ಗಂಡ ಅಮ್ಮನ ಮುಖ ನೋಡಿದ, ಬಾಗಿಲು ನೋಡಿದ, ಬಂದ ದಾರಿಯಲ್ಲೇ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಶೂ ಕೂಡ ಹಾಕಿಕೊಳ್ಳದೆ ಹೊರಗೆ ಹೋಗಿ ಬಾಗಿಲೆಳೆದುಕೊಂಡ.

ಅತ್ತೆ ಊರುಗೋಲು ಹಿಡಿದು, ಒಂಟಿಕಾಲಲ್ಲಿ ಕುಪ್ಪಳಿಸುತ್ತ, ಕೈಯಲ್ಲಿ ಫೋನು ಹಿಡಿದುಕೊಂಡೇ ಬಂದು ಬಾಗಿಲು ಬಡಿದರು. ಆ ಬಡಿತವೂ ದೇಶಕ್ಕೆಲ್ಲ ಎರಡೆರಡು ಸಲ ಕೇಳಿತು.

"ಏ, ನೀನೇನೇ ಅವಳು? ತೆಗಿ ಬಾಗಿಲು!"

ಪವರಕ್ಕನ ಜೀವ ಬಾಯಿಗೆ ಬಂದಿತ್ತು. ಮೂಗಿನಿಂದ ಕ್ಲಿಪ್ಪು ಕಿತ್ತಳು. ಆದರೂ ಅವಳ ಬಾಯಿಂದ ಹೊರಟ ಮಾತು ಕ್ಷಮೆಯದಲ್ಲ. "ಅತ್ತೆ, ಪ್ರಶ್ನೆಗೆ ಉತ್ತರ ಬಂದಿಲ್ಲ."

"ಉತ್ತರಾನಾ? ಬೇಕಾ ನಿನಗೆ ಉತ್ತರ? ಹೌದು ಕಣೇ, ಬಿಟ್ಟುಕೊಟ್ಟೆ ಸೇತುವೆ! ಗುಡುಗಪ್ಪನ ಜೊತೆ ಒಪ್ಪಂದ ಮಾಡ್ಕೊಂಡೆ! ಏನೀಗ? ಬರ್ಕೋ!"

ಹೇಳಿದ ಮೇಲೆ ಅತ್ತೆಗೆ ಕೈಯಲ್ಲಿದ್ದ ಫೋನಿನ ನೆನಪಾಯಿತು. ಅದರೊಳಗಿನಿಂದ ಗುಡುಗಪ್ಪನವರು, "ಅಯ್ಯೋ ಅಮ್ಮಾ, ಬ್ರೇಕ್ ಹಾಕಿ, ಬ್ರೇಕ್ ಹಾಕಿ!" ಎಂದು ಕೂಗುತ್ತಿದ್ದರು. ಅದರ ಹಿಂದೆ ಇಡೀ ದೇಶ ಹೊಟ್ಟೆ ಹುಣ್ಣಾಗುವಂತೆ ನಗುತ್ತಿತ್ತು.

ಶುಕ್ರವಾರ ಸದನದಲ್ಲಿ ಸರ್ಕಾರ ಬಿತ್ತು. ಗುಡುಗಪ್ಪನವರನ್ನೂ ಅವರ ಪಕ್ಷ ನಾಯಕತ್ವದಿಂದ ಇಳಿಸಿತು. ಶನಿವಾರದ 'ದುರ್ಬೀನಿ'ನಲ್ಲಿ ಪವರಕ್ಕ ಅತ್ತೆಯ ಉತ್ತರವನ್ನು ಒಂದಕ್ಷರ ಬಿಡದೆ ಹಾಕಿ, ಕೆಳಗೆ ತಾನು ಪ್ರಧಾನಿಯ ಸೊಸೆಯೆಂದೂ, ಇಷ್ಟು ದಿನ ಅದನ್ನು ಹೇಳದಿದ್ದದ್ದು ತಪ್ಪೆಂದೂ ಬರೆದಳು. ತಮಾಷೆಯೆಂದರೆ ತೇಲುನಾಡಿನಲ್ಲಿ ಅರ್ಧದಷ್ಟು ಜನ ಅದನ್ನು ನಂಬಲೇ ಇಲ್ಲ. ಅತ್ತೆ ಸೊಸೆ ಸೇರಿಕೊಂಡು ನಾಟಕ ಆಡಿದ್ದಾರೆ, ಇದರ ಹಿಂದೆ ದೊಡ್ಡ ಸಂಚಿದೆ, ಆ ಸೀನಿದವನೇ ಸೂತ್ರಧಾರ ಎಂದು ವಾದಗಳು ಹುಟ್ಟಿದವು. ಸೂತ್ರಧಾರ ಆ ಹೊತ್ತಿಗೆ ಮನೆಯಲ್ಲಿ ತುದಿಗಾಲಲ್ಲಿ ಓಡಾಡುತ್ತಿದ್ದ. ಏಕೆಂದರೆ ಮನೆಯಲ್ಲಿ ಮಾತು ನಿಂತಿತ್ತು.

ಅತ್ತೆ ಕೊಟ್ಟದ್ದನ್ನು ತಿನ್ನುತ್ತಿದ್ದರು, ತಟ್ಟೆ ಸರಿಸುತ್ತಿದ್ದರು, ಗೋಡೆ ನೋಡುತ್ತಿದ್ದರು. ಪವರಕ್ಕನಿಗೆ ಅದನ್ನು ತಡೆಯಲಾಗಲಿಲ್ಲ. ಭಾನುವಾರ ಬೆಳಗ್ಗೆ ಚಹಾದ ಲೋಟ ಹಿಡಿದು ಸೋಫಾದ ಎದುರು ನೆಲದ ಮೇಲೆ ಕೂತಳು.

"ಅತ್ತೆ, ಬೈಯಿರಿ. ಸುಮ್ನಿರಬೇಡಿ."

ಅತ್ತೆ ಗೋಡೆಯಿಂದ ಮುಖ ತಿರುಗಿಸಿದರು. "ಸರ್ಕಾರ ಬಿದ್ದಿದ್ದಕ್ಕೆ ನನಗೇನೂ ಇಲ್ಲ. ಪ್ರಶ್ನೆ ಕೇಳಿದೆ, ಸರಿ, ಕೇಳಬೇಕಾದ್ದೇ. ಆದ್ರೆ ದಿನಾ ನಿನ್ನ ಮುಂದೇನೇ ಅವಳನ್ನ ಬೈತಿದ್ನಲ್ಲೇ. ಅವಳ ಅತ್ತೆ ಪಾಪ ಅಂತ ಬೇರೆ ಅಂದೆ. ನೀನು ಕೇಳಿಸ್ಕೊಂಡು, ಇನ್ನೊಂಚೂರು ಬಡಿಸ್ಲಾ ಅಂದ್ಯಲ್ಲ! ನನ್ನನ್ನ ಎಂಥ ಪೆದ್ದಿ ಮಾಡಿಬಿಟ್ಟೆ."

ಪವರಕ್ಕ ಚಹಾದ ಲೋಟವನ್ನು ಅತ್ತೆಯ ಕೈಗೆ ಕೊಟ್ಟಳು. "ತಪ್ಪಾಯ್ತು ಅತ್ತೆ. ಮೊದಲ ದಿನವೇ ಹೇಳಬೇಕಿತ್ತು. ಅಡುಗೆಮನೇಲಿ ಕೇಳಿದ ಮಾತನ್ನ ಪ್ರಶ್ನೆ ಮಾಡಿದ್ದೂ ತಪ್ಪೇ. ಇಲ್ಲದ ದೇಶಕ್ಕೋಸ್ಕರ ಇರೋ ಮನೆಯ ಮಾತು ತಗೊಂಡು ಹೋದೆ."

ಅತ್ತೆ ಚಹಾ ಗುಟುಕರಿಸಿದರು. ಅವರ ತುಟಿಯ ಒಂದು ಮೂಲೆ ತನ್ನಷ್ಟಕ್ಕೆ ಅದುರತೊಡಗಿತು.

"ಮೂಗಿಗೆ ಏನು ಹಾಕ್ಕೊಂಡಿದ್ದೆ?"

"ಬಟ್ಟೆ ಕ್ಲಿಪ್ಪು."

"ಬಟ್ಟೆ ಕ್ಲಿಪ್ಪು!" ಅತ್ತೆ ಲೋಟ ಕೆಳಗಿಟ್ಟರು. "ಬಾನ್ಯ ಪ್ರಧಾದಿಗಳೇ..." ಎಂದು ಮೂಗು ಹಿಡಿದುಕೊಂಡು ಅಣಕಿಸಿದರು. ಮುಂದೆ ಹೇಳಲಾಗಲಿಲ್ಲ. ಇಬ್ಬರಿಗೂ ನಗು ಎಲ್ಲಿಂದ ನುಗ್ಗಿತೋ! ಅತ್ತೆ ಪ್ಲಾಸ್ಟರ್ ಕಾಲು ಕುಣಿಸಿಕೊಂಡು ನಕ್ಕರು, ಸೊಸೆ ನೆಲದ ಮೇಲೆ ಉರುಳಿ ನಕ್ಕಳು. ಓಣಿಯಲ್ಲಿ ಕಿವಿಗೊಟ್ಟು ನಿಂತಿದ್ದ ಗಂಡ, ಅಳುತ್ತಿದ್ದಾರೋ ಏನೋ ಎಂದು ಹೆದರಿ ಟವೆಲ್ ಹಿಡಿದುಕೊಂಡು ಓಡಿಬಂದ.

ಮುಂದಿನ ಚುನಾವಣೆಗೆ ಅತ್ತೆ ನಿಲ್ಲಲಿಲ್ಲ. ದಡ ಪಕ್ಷದವರು ಎಷ್ಟು ಗೋಗರೆದರೂ ಕೇಳಲಿಲ್ಲ. ಹೊಸ ಸರ್ಕಾರ ಬಂದು ಕೊನೆಗೂ ಸೇತುವೆ ಕಟ್ಟಿಸಿತು, ದ್ವೀಪದ ಒಂದು ದಡದಿಂದ ಅದೇ ದ್ವೀಪದ ಇನ್ನೊಂದು ದಡಕ್ಕೆ. ಅತ್ತೆ ಅದನ್ನು ಕೇಳಿ, "ಇದಕ್ಕೆ ಉತ್ತರ ಹೇಳೋ ಕೆಲಸ ನನ್ನದಲ್ವಲ್ಲ, ಸದ್ಯ" ಎಂದು ಕಾಲು ನೀವಿಕೊಂಡರು. "ಪ್ರಧಾನಿ ಆದ್ರೆ ದಿನಾ ಉತ್ತರ ಕೊಡಬೇಕು. ಪ್ರಶ್ನೆ ಕೇಳೋದ್ರಲ್ಲೇ ಮಜಾ ಇರೋದು. ನನಗೂ ನಿನ್ನ ಪತ್ರಿಕೇಲಿ ಒಂದು ಅಂಕಣ ಕೊಡು."

ಪವರಕ್ಕ ಕೊಟ್ಟಳು. ಅತ್ತೆಯ ಮೊದಲ ಅಂಕಣ ಬಂತು, ಸಂಚಿಕೆಯಷ್ಟೇ ಉದ್ದ. ಸಂಪಾದಕಿ ಅದನ್ನು ಕತ್ತರಿಸಿ ಅಂಗೈಯಗಲ ಮಾಡಿದಳು. ಅತ್ತೆ ಅದನ್ನು ಓದಿ, ಪ್ಲಾಸ್ಟರ್ ಬಿಚ್ಚಿಸಿಕೊಂಡ ಹೊಸ ಕಾಲನ್ನು ನೆಲಕ್ಕೆ ಅಪ್ಪಳಿಸಿ, ಆ ವಾರವೇ ಸ್ವಂತ ಪತ್ರಿಕೆ ಶುರು ಮಾಡಿದರು. ಹೆಸರು 'ತಂತಿ'. ಹೀಗೆ ಒಂದೇ ಮನೆಯಿಂದ ತೇಲುನಾಡಿಗೆ ಎರಡು ವಾರಪತ್ರಿಕೆಗಳು ಹೊರಡತೊಡಗಿದವು. ಸದನದಲ್ಲಿ ಬಾಯಿ ತೆರೆಯಲು ಮಂತ್ರಿಗಳಿಗೆ ಎರಡೆರಡು ಭಯ.

ಒಂದು ಶುಕ್ರವಾರ ಸಂಜೆ ಅತ್ತೆ ಫೋನು ಹಿಡಿದು ಸೊಸೆಯ ಪಕ್ಕ ಬಂದು ಕೂತರು. "ನೋಡೇ, ನಾಳೆಯ ಅಗ್ರಲೇಖನ. ನಿನ್ನ ಮೇಲೆ ಬರೆದಿದೀನಿ. ಎಲ್ಲ ಸರಿ ಇದೆಯಾ ನೋಡು."

ತಲೆಬರಹ: 'ಬೂತಗನ್ನಡಿಗೆ ಧೂಳು ಹಿಡಿದಿದೆ'.

"ಅತ್ತೆ, ಇಲ್ಲಿ ಹೊಟ್ಟೆ ಸೀಳಬೇಕು."

"ಯಾರದ್ದೇ?"

"ಬಕಾರದ್ದು. ಬೂತ ಅಲ್ಲ, ಭೂತ."

"ಹ್ಞೂಂ, ಸೀಳು." ಅತ್ತೆ ಕನ್ನಡಕ ಮೇಲೇರಿಸಿಕೊಂಡರು. "ಆಮೇಲೆ ಈ ಸಾಲು? 'ದುರ್ಬೀನು ಒಂದು ಕೆಟ್ಟ ಪತ್ರಿಕೆ' ಅಂತ. ಹೇಗಿದೆ?"

ಪವರಕ್ಕ ಓದಿ ಮುಖ ಸೊಟ್ಟ ಮಾಡಿದಳು. "ಸಪ್ಪೆ ಆಯ್ತು. 'ದುರ್ಬೀನು ಹಿಡಿದವಳಿಗೆ ಅದರ ಯಾವ ತುದಿಗೆ ಕಣ್ಣಿಡಬೇಕೆಂದು ತಿಳಿಯದು' ಅನ್ನಿ. ಕುಟುಕುತ್ತೆ."

ಅತ್ತೆ ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದರು. ಕಣ್ಣು ಮಿನುಗಿತು. "ಇದು ನಾನೇ ಬರೆದಿದ್ದು ಅಂತ ಹಾಕ್ತೀನಿ."

"ಹಾಕಿ. ಮುಂದಿನ ಶನಿವಾರ ಖಂಡಿಸಿ ಬರೀತೀನಿ" ಎಂದು ಸೊಸೆ ಫೋನನ್ನು ತನ್ನ ಕಡೆ ಎಳೆದುಕೊಂಡು, ಮುಂದಿನ ಸಾಲಿಗೆ ಕಣ್ಣು ಹಾಕಿದಳು.